ಮೂರು ಸ್ಟಾರ್ ಸಾಕಾ, ಐದು ಸ್ಟಾರೇ ಬೇಕಾ? ಲೇಬಲ್ ಓದಿ ಆರಿಸೋಣ

ಮಾರ್ಚ್ ಬಂತು ಅಂದರೆ ನನ್ನ ಫೋನಿಗೆ, ಎಸಿ, ಫ್ರಿಜ್‌ಗಳ ಮೇಲೆ ಎಷ್ಟು ಕರೆಂಟ್ ತಿನ್ನುತ್ತವೆ ಅಂತ ಹೇಳಲು ಅಂಟಿಸಿರುವ ಸ್ಟಾರ್ ಲೇಬಲ್‌ಗಳ ಫೋಟೋ ಬರಲು ಶುರುವಾಗುತ್ತದೆ. ಅಂಗಡಿಯಲ್ಲಿ ನಿಂತೇ ತೆಗೆದ ಫೋಟೋಗಳು. ಒಂದು ಮೂರು ಸ್ಟಾರಿನದು, ಇನ್ನೊಂದು ಐದು ಸ್ಟಾರಿನದು, ಕೆಳಗೆ ಒಂದೇ ಸಾಲು: "ಯಾವುದು ತಗೊಳ್ಳಲಿ? ಎಂಟು ಸಾವಿರ ವ್ಯತ್ಯಾಸ ಇದೆ." ಈ ಸಲ ಒಂದೇ ವಾರದಲ್ಲಿ ಮೂರು ಕಡೆಯಿಂದ ಬಂತು. ಕಲಬುರಗಿಯಲ್ಲಿರುವ ಭಾವ ಎಸಿ ಕೊಳ್ಳಲು ಹೊರಟಿದ್ದಾರೆ. ಬೆಂಗಳೂರಿನ ನಮ್ಮ ಪಕ್ಕದ ಮನೆಯ ಅಕ್ಕನಿಗೆ ಫ್ರಿಜ್ ಬೇಕು. ಜರ್ಮನಿಗೆ ಹೋಗಿ ಮನೆ ಮಾಡಿರುವ ಚಿಕ್ಕಪ್ಪನ ಮಗಳು, ಅಲ್ಲಿನ ಅಂಗಡಿಯಲ್ಲಿ ನೋಡಿದ ಫ್ರಿಜ್‌ಗಳ ಮೇಲೆಲ್ಲ 'ಡಿ', 'ಇ' ಅಂತಲೇ ಬರೆದಿದೆ, ಇಲ್ಲಿ ಒಳ್ಳೆಯದೇ ಸಿಗಲ್ವಾ ಅಂತ ಕೇಳಿದ್ದಾಳೆ.

ಮೂವರಿಗೂ ಬೇರೆ ಬೇರೆ ಉತ್ತರ ಕೊಡಬೇಕಾಯಿತು. ಸ್ಟಾರ್ ಆಗಲಿ ಅಕ್ಷರ ಆಗಲಿ, ಅದು ಶಾಲೆಯ ರ‍್ಯಾಂಕ್ ಇದ್ದ ಹಾಗೆ. ಆ ತರಗತಿಯಲ್ಲಿ, ಆ ವರ್ಷದ ಪರೀಕ್ಷೆಯಲ್ಲಿ ಯಾರು ಮುಂದೆ, ಯಾರು ಹಿಂದೆ ಅಂತ ಹೇಳುತ್ತದೆ. ನಿಮ್ಮ ಮನೆಗೆ ಬಿಲ್ ಎಷ್ಟು ಬರುತ್ತದೆ ಅಂತ ಅದು ಹೇಳುವುದಿಲ್ಲ. ಅದನ್ನು ಹೇಳುವ ಅಂಕಿ ಅದೇ ಲೇಬಲ್‌ನಲ್ಲಿ ಸ್ಟಾರ್‌ಗಳ ಹತ್ತಿರವೇ ಸಣ್ಣಗೆ ಇರುತ್ತದೆ. ಅದೇ ಯೂನಿಟ್. ಬಹಳ ಜನ ಅದನ್ನು ಓದದೆಯೇ ಸ್ಟಾರ್ ಎಣಿಸಿ ದುಡ್ಡು ಕೊಟ್ಟು ಬರುತ್ತಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆರಿಸುವ ಮುಂಚೆ

ಮೊದಲು ಗಂಟೆ. ಈ ವಸ್ತು ನಿಮ್ಮ ಮನೆಯಲ್ಲಿ ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ? ಫ್ರಿಜ್ ದಿನದ 24 ಗಂಟೆ. ಫ್ಯಾನ್ ದಿನಕ್ಕೆ ಹತ್ತು ಹನ್ನೆರಡು ಗಂಟೆ. ಎಸಿ ಮಾತ್ರ ಊರು ನೋಡಿ, ಮನೆಯಲ್ಲಿ ಯಾರಿದ್ದಾರೆ ನೋಡಿ ಬದಲಾಗುತ್ತದೆ. ಕಡಿಮೆ ಓಡುವ ವಸ್ತುವಿಗೆ ಜಾಸ್ತಿ ಸ್ಟಾರ್ ಕೊಂಡರೆ ಆ ದುಡ್ಡು ಸುಮ್ನೆ ಗೋಡೆ ಮೇಲೆ ತೂಗಾಡುತ್ತಿರುತ್ತದೆ.

ಆಮೇಲೆ ಅಳತೆ. ಸ್ಟಾರ್ ಕೊಡುವುದು ಒಂದೇ ಜಾತಿಯ ವಸ್ತುಗಳ ನಡುವೆ, ಅವುಗಳ ಗಾತ್ರ ನೋಡಿಕೊಂಡು. ಹಾಗಾಗಿ ದೊಡ್ಡ ಫ್ರಿಜ್ಜಿಗೂ ಚಿಕ್ಕದಕ್ಕೂ ಅಷ್ಟೇ ಸ್ಟಾರ್ ಇರಬಹುದು, ಬಿಲ್ ಮಾತ್ರ ಬೇರೆ.

ಲೇಬಲ್ ಯಾವ ಕಾಲದ್ದು ಅನ್ನುವುದು ಮೂರನೆಯದು. ಇದರಲ್ಲಿ ನಮ್ಮ ಮನೆಯವರೇ ಮೋಸ ಹೋದೆವು. 2018ರಲ್ಲಿ ಬಂದ ಪಟ್ಟಿಯ ಪ್ರಕಾರ ಎಸಿಯ ಐಸೀರ್ 4.5 ಇದ್ದರೆ ಐದು ಸ್ಟಾರ್. ಐಸೀರ್ ಅಂದರೆ ನಮ್ಮ ದೇಶದ ಹವೆಗೆ ಲೆಕ್ಕ ಹಾಕಿದ ದಕ್ಷತೆಯ ಅಂಕಿ, ಜಾಸ್ತಿ ಇದ್ದಷ್ಟೂ ಒಳ್ಳೆಯದು. 2022ರ ಜುಲೈಯಿಂದ ಪಟ್ಟಿ ಬಿಗಿಯಾಯಿತು, ಸ್ಪ್ಲಿಟ್ ಎಸಿ ಐದು ಸ್ಟಾರ್ ಅನ್ನಿಸಿಕೊಳ್ಳಲು 5.0 ಬೇಕಾಯಿತು. ಹಳೆಯ 4.5 ನಾಲ್ಕು ಸ್ಟಾರಿಗೆ ಇಳಿಯಿತು. ಅದೇ ಆಗಸ್ಟಿನಲ್ಲಿ ನಾವು ಒಂದು ಅಂಗಡಿಯಲ್ಲಿ ಐದು ಸ್ಟಾರ್ ಅಂತ ದುಡ್ಡು ಕೊಟ್ಟು ತಂದ ಎಸಿ ಹಳೆಯ ಪಟ್ಟಿಯದು. ಲೇಬಲ್‌ನ ಕೆಳಗೆ ಅವಧಿ ಬರೆದೇ ಇತ್ತು. ಮನೆಗೆ ಬಂದು, ಫಿಟ್ ಮಾಡಿಸಿ, ಏಣಿ ಮೇಲಿಂದ ಇಳಿಯುವಾಗ ಕಣ್ಣಿಗೆ ಬಿತ್ತು. ಹಳೆಯ ಸ್ಟಾಕ್ ತಗೊಳ್ಳಬಾರದು ಅಂತೇನಿಲ್ಲ, ಬೆಲೆ ಇಳಿಸಿ ಕೊಟ್ಟರೆ ಅದೇ ಲಾಭ. ಆದರೆ ಹೊಸದರ ಬೆಲೆ ಕೊಟ್ಟು ಹಳೆಯದು ತರಬೇಡಿ.

ನಾಲ್ಕನೆಯದು, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ದೊಡ್ಡ ಊರಿನಲ್ಲಿ ಇದು ಅಷ್ಟೇನೂ ತಲೆಬಿಸಿ ಅಲ್ಲ. ತಾಲ್ಲೂಕು ಕೇಂದ್ರದಿಂದ ಇಪ್ಪತ್ತು ಕಿಲೋಮೀಟರ್ ಆಚೆ ಇದ್ದರೆ ದೊಡ್ಡ ಪ್ರಶ್ನೆ.

ಕೊನೆಗೆ ಒಂದು ಭಾಗಾಕಾರ. ಎರಡರ ಬೆಲೆಯ ವ್ಯತ್ಯಾಸವನ್ನು ವರ್ಷಕ್ಕೆ ಉಳಿಯುವ ರೂಪಾಯಿಯಿಂದ ಭಾಗಿಸಿ. ಬಂದ ಉತ್ತರ ಎಷ್ಟು ವರ್ಷಕ್ಕೆ ದುಡ್ಡು ವಾಪಸ್ ಅಂತ ಹೇಳುತ್ತದೆ. ಅದು ವಸ್ತುವಿನ ಆಯಸ್ಸಿನ ಅರ್ಧದೊಳಗೆ ಬಂದರೆ ನಾನು ಕಣ್ಣು ಮುಚ್ಚಿ ಜಾಸ್ತಿ ಸ್ಟಾರಿನದು ತಗೊಳ್ಳಿ ಅನ್ನುತ್ತೇನೆ. ಕೆಳಗಿನ ಲೆಕ್ಕಕ್ಕೆಲ್ಲ ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಂಡಿದ್ದೇನೆ, ನೀವು ನಿಮ್ಮ ಬಿಲ್ಲಿನ ಮೊತ್ತವನ್ನು ಯೂನಿಟ್‌ನಿಂದ ಭಾಗಿಸಿ ಬಂದ ದರ ಹಾಕಿಕೊಳ್ಳಿ.

ಬೇರೆ ದೇಶದ ಲೇಬಲ್‌ಗಳಿಂದ ಏನು ಕಲಿಯಬಹುದು

ನಮ್ಮಲ್ಲಿ ಈ ಸ್ಟಾರ್ ಲೇಬಲ್ ಶುರುವಾಗಿದ್ದು 2006ರ ಮೇ ತಿಂಗಳಲ್ಲಿ. ನಡೆಸುವುದು ಬಿಇಇ, ಅಂದರೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2002ರಲ್ಲಿ ಹುಟ್ಟಿದ ಸಂಸ್ಥೆ. ನಮಗಿಂತ ಬಹಳ ಮುಂಚೆ ಶುರು ಮಾಡಿದವರು ಇದ್ದಾರೆ. ಒಂದೊಂದು ದೇಶದ ಲೇಬಲ್ ಒಂದೊಂದು ವಿಷಯವನ್ನು ಚೆನ್ನಾಗಿ ಹೇಳುತ್ತದೆ. ನಮ್ಮ ಲೇಬಲ್‌ನಲ್ಲಿ ಇಲ್ಲದ್ದನ್ನು ಅವನ್ನು ನೋಡಿ ನಾವೇ ಲೆಕ್ಕ ಹಾಕಿಕೊಳ್ಳಬಹುದು.

ಅಮೆರಿಕದಲ್ಲಿ ಎರಡು ಇವೆ. ಒಂದು ಹಳದಿ ಬಣ್ಣದ ಎನರ್ಜಿಗೈಡ್, 1980ರಿಂದ ಇದೆ, ಕಡ್ಡಾಯ. ಅದರ ನಡುವೆ ದಪ್ಪ ಅಕ್ಷರದಲ್ಲಿ ಇರುವುದು ವರ್ಷಕ್ಕೆ ಎಷ್ಟು ಡಾಲರ್ ಕರೆಂಟ್ ಖರ್ಚು ಅಂತ. ಎಂಥವರಿಗೂ ದುಡ್ಡಿನ ಅಂಕಿ ತಕ್ಷಣ ಅರ್ಥವಾಗುತ್ತದೆ, ಅಲ್ವಾ? ಇನ್ನೊಂದು ನೀಲಿ ಬಣ್ಣದ ಎನರ್ಜಿ ಸ್ಟಾರ್ ಗುರುತು. ಅದು 1992ರಲ್ಲಿ ಬಂತು, ಕಡ್ಡಾಯವಲ್ಲ. ಆ ಗುರುತು ಇದ್ದರೆ ಒಳ್ಳೆಯ ಗುಂಪಿಗೆ ಸೇರಿದ್ದು, ಎಷ್ಟು ಒಳ್ಳೆಯದು ಅಂತ ಅದರಲ್ಲಿ ತಿಳಿಯುವುದಿಲ್ಲ. ಅಲ್ಲಿಗೆ ಹೋದ ನಮ್ಮ ಹುಡುಗರು ಈ ನೀಲಿ ಗುರುತನ್ನೇ ಐದು ಸ್ಟಾರ್ ಅಂದುಕೊಳ್ಳುತ್ತಾರೆ. ಹಳದಿ ಲೇಬಲ್ ಓದಿ ಅಂತ ಅವರಿಗೆ ನಾನು ಹೇಳುವುದು.

ಲೇಬಲ್ ಜೊತೆಗೆ, ಇಷ್ಟಕ್ಕಿಂತ ಜಾಸ್ತಿ ಕರೆಂಟ್ ತಿನ್ನುವ ವಸ್ತುವನ್ನು ಮಾರುವಂತೆಯೇ ಇಲ್ಲ ಅನ್ನುವ ಕಾನೂನೂ ಬೇಕು. ಕ್ಯಾಲಿಫೋರ್ನಿಯಾ 1970ರ ದಶಕದಲ್ಲೇ ಅಂಥ ಕಾನೂನು ತಂದಿತು. ಬರ್ಕ್ಲಿಯ ಭೌತವಿಜ್ಞಾನಿ ಆರ್ಥರ್ ರೋಸೆನ್‌ಫೆಲ್ಡ್ ಇದರ ಹಿಂದೆ ಬಿದ್ದು ಕೆಲಸ ಮಾಡಿದವರು. 1970ರ ದಶಕದ ನಡುವೆ ಅಮೆರಿಕದ ಹೊಸ ಫ್ರಿಜ್ ಒಂದು ವರ್ಷಕ್ಕೆ ಸುಮಾರು 1800 ಯೂನಿಟ್ ತಿನ್ನುತ್ತಿತ್ತು. ಈಗ ಅದಕ್ಕಿಂತ ದೊಡ್ಡ ಫ್ರಿಜ್ 500ರ ಆಸುಪಾಸಿನಲ್ಲಿ ಮುಗಿಸುತ್ತದೆ. ಈ ಅಂಕಿ ಓದಿದಾಗೆಲ್ಲ ನನಗೆ ಖುಷಿಯಾಗುತ್ತದೆ. ಯಾರೂ ತಣ್ಣಗಿನ ನೀರು ಕುಡಿಯುವುದನ್ನು ಬಿಡಲಿಲ್ಲ, ಫ್ರಿಜ್ ಮಾಡುವವರು ಮಾಡುವ ರೀತಿ ಬದಲಾಯಿಸಿದರು.

ಜಪಾನಿನವರು 1998ರಲ್ಲಿ ಕಾನೂನು ತಿದ್ದಿ 'ಟಾಪ್ ರನ್ನರ್' ಅನ್ನುವ ಪದ್ಧತಿ ತಂದರು. ಮಾರುಕಟ್ಟೆಯಲ್ಲಿ ಈಗ ಎಲ್ಲರಿಗಿಂತ ಕಡಿಮೆ ಕರೆಂಟ್ ತಿನ್ನುವ ಮಾಡೆಲ್ ಯಾವುದಿದೆಯೋ, ಅದನ್ನೇ ಗುರಿಯಾಗಿ ಇಟ್ಟು, ಇಷ್ಟು ವರ್ಷದೊಳಗೆ ಉಳಿದವರೂ ಅಲ್ಲಿಗೆ ಮುಟ್ಟಬೇಕು ಅಂತ ಹೇಳುವುದು. ಅವರ ಲೇಬಲ್‌ನಲ್ಲಿ ಸ್ಟಾರೂ ಇದೆ, ವರ್ಷದ ಬಿಲ್ ಎಷ್ಟು ಯೆನ್ ಅಂತಲೂ ಇದೆ.

ನನಗೆ ಬಹಳ ಇಷ್ಟವಾಗಿದ್ದು ಆಸ್ಟ್ರೇಲಿಯಾದ್ದು. ಅಲ್ಲಿ ಸ್ಟಾರ್ ಲೇಬಲ್ 1986ರಲ್ಲೇ ಶುರುವಾಯಿತು. 2020ರಿಂದ ಎಸಿಗಳ ಲೇಬಲ್‌ನಲ್ಲಿ ದೇಶದ ನಕ್ಷೆಯನ್ನೇ ಹಾಕಿ, ಬಿಸಿ ಪ್ರದೇಶ, ಸಾಧಾರಣ ಪ್ರದೇಶ, ಚಳಿ ಪ್ರದೇಶ ಅಂತ ಮೂರು ಮಾಡಿ, ಒಂದೊಂದಕ್ಕೂ ಬೇರೆ ಸ್ಟಾರ್, ಬೇರೆ ಯೂನಿಟ್ ಕೊಡುತ್ತಾರೆ. ಒಂದೇ ಎಸಿ, ಮೂರು ಅಂಕಿ. ನಮ್ಮಲ್ಲಿ ಹಾಗಿಲ್ಲ. ನಮ್ಮ ಎಸಿ ಲೇಬಲ್‌ನಲ್ಲಿ ಬರೆದಿರುವ ಯೂನಿಟ್ ಇಡೀ ದೇಶಕ್ಕೆ ಒಂದೇ, ವರ್ಷಕ್ಕೆ 1600 ಗಂಟೆ ಓಡಿಸಿದರೆ ಅನ್ನುವ ಲೆಕ್ಕ. ರಾಯಚೂರಿಗೂ ಅದೇ, ಮಡಿಕೇರಿಗೂ ಅದೇ. ಹಾಗಾಗಿ ಆ ಮೂರು ಅಂಕಿಯ ಕೆಲಸ ನಾವೇ ಮಾಡಿಕೊಳ್ಳಬೇಕು.

ಚೀನಾ, ದಕ್ಷಿಣ ಕೊರಿಯಾದಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 5 ಕೊನೆಯದು. ಕೆಲಸಕ್ಕೆ ಅಲ್ಲಿಗೆ ಹೋದವರು ಇಷ್ಟು ನೆನಪಿಟ್ಟುಕೊಂಡರೆ ಸಾಕು. ಯುರೋಪಿನದು ಕೊನೆಯಲ್ಲಿ ಹೇಳುತ್ತೇನೆ, ಜರ್ಮನಿಯಲ್ಲಿರುವ ತಂಗಿಯ ಫ್ರಿಜ್ ಜೊತೆಗೆ.

ಫ್ಯಾನ್: ಇಲ್ಲಿಂದಲೇ ಶುರು ಮಾಡಿ

ಯಾರಾದರೂ ನನ್ನ ಹತ್ತಿರ ಐದು ಸಾವಿರ ಇದೆ, ಕರೆಂಟ್ ಬಿಲ್ ಇಳಿಸಬೇಕು ಅಂದರೆ, ಫ್ಯಾನ್ ಬದಲಾಯಿಸಿ ಅನ್ನುತ್ತೇನೆ. ಹಳೆಯ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಿನಲ್ಲಿ ಸುಮಾರು 75 ವಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಅನ್ನುವ, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನದು 30 ವಾಟ್ ಆಸುಪಾಸು. ವ್ಯತ್ಯಾಸ 45 ವಾಟ್ ಅಂದರೆ ಏನು ಮಹಾ ಅನ್ನಿಸಬಹುದು. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಹಾಕಿ ನೋಡಿ. 162 ಯೂನಿಟ್. ಒಂದು ಸಾವಿರದ ನೂರು ರೂಪಾಯಿಗೂ ಜಾಸ್ತಿ, ಒಂದೇ ಫ್ಯಾನಿನಿಂದ. ಬೆಲೆಯ ವ್ಯತ್ಯಾಸ ಸಾವಿರದ ಮುನ್ನೂರು ಇದ್ದರೆ ಹದಿನಾಲ್ಕು ತಿಂಗಳಲ್ಲಿ ವಾಪಸ್. ನಾನು ಇಲ್ಲಿ ಲೆಕ್ಕ ಹಾಕಿರುವ ಬೇರೆ ಯಾವ ವಸ್ತುವೂ ಇಷ್ಟು ಬೇಗ ದುಡ್ಡು ಹಿಂದಿರುಗಿಸುವುದಿಲ್ಲ.

ಫ್ಯಾನ್‌ಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದ್ದು 2023ರ ಜನವರಿಯಿಂದ. ಅದರಲ್ಲಿ 'ಸರ್ವಿಸ್ ವ್ಯಾಲ್ಯೂ' ಅಂತ ಒಂದು ಅಂಕಿ ಇರುತ್ತದೆ. ಒಂದು ವಾಟ್ ಕರೆಂಟಿಗೆ ಎಷ್ಟು ಗಾಳಿ ತಳ್ಳುತ್ತದೆ ಅಂತ. ಅದು ಜಾಸ್ತಿ ಇರಬೇಕು. ಜೊತೆಗೆ ಒಟ್ಟು ಗಾಳಿಯ ಅಂಕಿಯನ್ನೂ ನೋಡಿ, ಕೆಲವು ಫ್ಯಾನ್ ಕರೆಂಟ್ ಉಳಿಸುತ್ತವೆ, ಗಾಳಿಯನ್ನೂ ಉಳಿಸಿಬಿಡುತ್ತವೆ.

ಯುಪಿಎಸ್ ಇರುವ ಮನೆಗೆ ಇನ್ನೊಂದು ಲಾಭ. ನಾಲ್ಕು ಹಳೆಯ ಫ್ಯಾನ್ 300 ವಾಟ್, ನಾಲ್ಕು ಹೊಸದು 120 ವಾಟ್. ಕರೆಂಟ್ ಹೋದ ರಾತ್ರಿ ಅದೇ ಬ್ಯಾಟರಿ ಎರಡು ಪಟ್ಟು ಹೊತ್ತು ಬರುತ್ತದೆ.

ಕಷ್ಟ ಎಲ್ಲಿ ಅಂದರೆ ರಿಪೇರಿಯಲ್ಲಿ. ಹಳೆಯ ಫ್ಯಾನ್ ಸುಟ್ಟರೆ ಊರಿನ ವೈಂಡಿಂಗ್ ಅಂಗಡಿಯವರು ತಾಮ್ರದ ತಂತಿ ಸುತ್ತಿ ಎರಡು ದಿನದಲ್ಲಿ ಕೊಡುತ್ತಾರೆ. ಬಿಎಲ್‌ಡಿಸಿಯಲ್ಲಿ ಒಂದು ಸರ್ಕ್ಯೂಟ್ ಬೋರ್ಡ್ ಇರುತ್ತದೆ, ವೋಲ್ಟೇಜ್ ಏರಿಳಿತಕ್ಕೆ, ಸಿಡಿಲಿಗೆ ಅದು ಹೋದರೆ ಕಂಪನಿಯ ಬೋರ್ಡೇ ಬೇಕು. ವಾರಂಟಿ ಎಷ್ಟು ವರ್ಷ, ಬೋರ್ಡ್ ಹತ್ತಿರದ ಊರಿನಲ್ಲಿ ಸಿಗುತ್ತದಾ ಅಂತ ಕೇಳಿಯೇ ತಗೊಳ್ಳಿ. ರಿಮೋಟ್ ಕೂಡ ಒಂದು ಮಾತು. ಅಮ್ಮನ ಕೋಣೆಗೆ ರಿಮೋಟಿನ ಫ್ಯಾನ್ ಹಾಕಿಸಿದ್ದೆ. ನಡುರಾತ್ರಿ ಚಳಿಯಾದರೆ ಕತ್ತಲಲ್ಲಿ ರಿಮೋಟ್ ಹುಡುಕಬೇಕು, ಕನ್ನಡಕ ಹುಡುಕಬೇಕು, ಆಮೇಲೆ ಗುಂಡಿ. ಅವರು ಗೋಡೆಯ ಸ್ವಿಚ್ ಆಫ್ ಮಾಡಿ ಸೆಕೆಯಲ್ಲೇ ಮಲಗಿಬಿಡುತ್ತಿದ್ದರು. ಈಗ ಗೋಡೆಯ ರೆಗ್ಯುಲೇಟರ್‌ಗೇ ಹೊಂದುವ ಬಿಎಲ್‌ಡಿಸಿ ಫ್ಯಾನ್ ಸಿಗುತ್ತದೆ. ವಯಸ್ಸಾದವರ ಕೋಣೆಗೆ ಅದೇ ಹಾಕಿಸಿ. ಮಳೆಗಾಲವಿಡೀ ಫ್ಯಾನ್ ಮುಟ್ಟದ ಮಲೆನಾಡಿನ ಮನೆಗೆ, ನೆಂಟರು ಬಂದಾಗ ಮಾತ್ರ ತೆರೆಯುವ ಕೋಣೆಗೆ ಹಳೆಯದೇ ಸಾಕು.

ಫ್ರಿಜ್: ಗಾತ್ರ ಮೊದಲು, ಸ್ಟಾರ್ ಆಮೇಲೆ

ಪಕ್ಕದ ಮನೆಯ ಅಕ್ಕ ಕಳಿಸಿದ ಫೋಟೋಗಳಲ್ಲಿ ಎರಡಕ್ಕೂ ಮೂರೇ ಸ್ಟಾರ್. ಒಂದು 190 ಲೀಟರಿನ ಸಿಂಗಲ್ ಡೋರ್, ಲೇಬಲ್‌ನಲ್ಲಿ ವರ್ಷಕ್ಕೆ 165 ಯೂನಿಟ್. ಇನ್ನೊಂದು 330 ಲೀಟರಿನ ಡಬಲ್ ಡೋರ್, 235 ಯೂನಿಟ್. "ಎರಡಕ್ಕೂ ಸ್ಟಾರ್ ಒಂದೇ ಅಲ್ವಾ, ಕರೆಂಟೂ ಒಂದೇ ಅಲ್ವಾ" ಅಂತ ಅವರ ಪ್ರಶ್ನೆ. ಅಲ್ಲ, ವರ್ಷಕ್ಕೆ 70 ಯೂನಿಟ್ ಬೇರೆ. ಮನೆಯಲ್ಲಿ ಇರುವುದು ಮೂರು ಜನ, ತರಕಾರಿ ದಿನ ಬಿಟ್ಟು ದಿನ ಗಾಡಿಯವರ ಹತ್ತಿರ ತಗೊಳ್ಳುತ್ತಾರೆ. ಅವರಿಗೆ 330 ಲೀಟರ್ ಯಾಕೆ?

ಆಮೇಲೆ ಅದೇ ಸಿಂಗಲ್ ಡೋರಿನ ಐದು ಸ್ಟಾರ್ ಮಾಡೆಲ್ ನೋಡಿದೆವು. 120 ಯೂನಿಟ್, ಬೆಲೆ ಎರಡೂವರೆ ಸಾವಿರ ಜಾಸ್ತಿ. ವರ್ಷಕ್ಕೆ 45 ಯೂನಿಟ್, ಅಂದರೆ 315 ರೂಪಾಯಿ ಉಳಿತಾಯ. ಎಂಟು ವರ್ಷಕ್ಕೆ ದುಡ್ಡು ವಾಪಸ್. ಫ್ರಿಜ್ ಹನ್ನೆರಡು ವರ್ಷ ಬಂದರೆ ಲಾಭ, ಆದರೆ ನಾನು ಹೇಳಿದ ಅರ್ಧ ಆಯಸ್ಸಿನ ಲೆಕ್ಕ ದಾಟಿತು. ಕೈಯಲ್ಲಿ ದುಡ್ಡು ಇದ್ದರೆ ಐದು ಸ್ಟಾರ್ ತಗೊಳ್ಳಿ, ಕಂತಿನಲ್ಲಿ ಬಡ್ಡಿ ಕಟ್ಟಿ ತಗೊಳ್ಳುವುದಾದರೆ ಮೂರು ಸ್ಟಾರೇ ಸಾಕು ಅಂದೆ. ಅಕ್ಕ ಮೂರು ಸ್ಟಾರಿನದೇ ತಂದರು.

ಸಿಂಗಲ್ ಡೋರಿನಲ್ಲಿ ಐಸ್ ಕಟ್ಟುತ್ತದೆ, ಆಗಾಗ ಗುಂಡಿ ಒತ್ತಿ ಕರಗಿಸಬೇಕು. ದಪ್ಪಗೆ ಐಸ್ ಕಟ್ಟಲು ಬಿಟ್ಟರೆ ಐದು ಸ್ಟಾರ್ ಇದ್ದರೂ ಕರೆಂಟ್ ಜಾಸ್ತಿ ಎಳೆಯುತ್ತದೆ. ಮೀನು, ಮಾಂಸ ಇಡುವ ಮನೆಗೆ, ಐದಾರು ಜನ ಇರುವ ಮನೆಗೆ ಡಬಲ್ ಡೋರ್ ಬೇಕೇ ಬೇಕು. ಅವರು ಡಬಲ್ ಡೋರ್‌ಗಳನ್ನೇ ಒಂದರ ಪಕ್ಕ ಒಂದು ಇಟ್ಟು ಯೂನಿಟ್ ನೋಡಲಿ.

ಇನ್ನು ಹಳೆಯ ಫ್ರಿಜ್ ಇಟ್ಟುಕೊಳ್ಳುವುದೋ ಬಿಡುವುದೋ ಅನ್ನುವವರು. ಅದಕ್ಕೆ ಲೇಬಲ್ ಸಹಾಯಕ್ಕೆ ಬರುವುದಿಲ್ಲ, ಅಳೆದೇ ನೋಡಬೇಕು. ಎರಡು ದಿನ ಊರಿಗೆ ಹೋಗುವಾಗ ಫ್ರಿಜ್ ಒಂದನ್ನು ಬಿಟ್ಟು ಉಳಿದ ಎಲ್ಲ ಆಫ್ ಮಾಡಿ, ಮೀಟರಿನ ಫೋಟೋ ತೆಗೆದುಕೊಳ್ಳಿ, ಬಂದ ತಕ್ಷಣ ಇನ್ನೊಂದು ಫೋಟೋ. ಅಮ್ಮನ ಮನೆಯ ಹದಿನೆಂಟು ವರ್ಷದ ಫ್ರಿಜ್ಜಿಗೆ ಹೀಗೆ ಮಾಡಿದಾಗ ಎರಡು ದಿನಕ್ಕೆ 3.4 ಯೂನಿಟ್ ಬಂತು. ವರ್ಷಕ್ಕೆ 620. ನನಗೆ ನಂಬಲೇ ಆಗಲಿಲ್ಲ. ಬಾಗಿಲಿಗೆ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆದೆ. ಮೇಲೆ ಬಿಗಿಯಾಗಿತ್ತು. ಕೆಳಗಿನ ಮೂಲೆಗೆ ಬಂದರೆ ನೋಟು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಬಾಗಿಲ ರಬ್ಬರ್ ಸತ್ತು ಹೋಗಿತ್ತು, ತಣ್ಣಗಿನ ಗಾಳಿ ಇಡೀ ದಿನ ಅಡುಗೆಮನೆಗೆ ಸೋರುತ್ತಿತ್ತು. ನಿಮ್ಮದು ಏಳೆಂಟು ವರ್ಷದ ಫ್ರಿಜ್ ಆದರೆ ರಬ್ಬರ್ ಬದಲಾಯಿಸಿ ನೋಡಿ, ಕೆಲವು ನೂರು ರೂಪಾಯಿಯಲ್ಲಿ ಆಗುತ್ತದೆ. ಹದಿನೈದು ದಾಟಿದ್ದರೆ ಹೊಸದೇ ಲಾಭ. ಅಮ್ಮನ ಮನೆಗೆ ಹೊಸದು ತಂದೆವು. ಹಳೆಯದನ್ನು ಹಿತ್ತಲ ಕೋಣೆಯಲ್ಲಿ ಇಟ್ಟು ಎರಡೂ ಓಡಿಸೋಣ ಅಂದರು, ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ.

ಎಸಿ: ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ

ಮೊದಲು ಒಂದು ಗೊಂದಲ ಕಳೆಯೋಣ. ನಮ್ಮಲ್ಲಿ ಇನ್ವರ್ಟರ್ ಅಂದರೆ ಕರೆಂಟ್ ಹೋದಾಗ ದೀಪ ಉರಿಸುವ ಬ್ಯಾಟರಿ ಪೆಟ್ಟಿಗೆ. ಇನ್ವರ್ಟರ್ ಎಸಿ ಅಂದರೆ ಅದಕ್ಕೆ ಜೋಡಿಸುವ ಎಸಿ ಅಲ್ಲ. ಕೋಣೆ ತಣ್ಣಗಾದ ಮೇಲೆ ಕಂಪ್ರೆಸರ್ ಪೂರ್ತಿ ನಿಂತು ಮತ್ತೆ ಜೋರಾಗಿ ಶುರುವಾಗುವ ಬದಲು, ವೇಗ ತಗ್ಗಿಸಿಕೊಂಡು ಮೆಲ್ಲಗೆ ಓಡುತ್ತಲೇ ಇರುತ್ತದೆ. ಅಷ್ಟೇ.

ಭಾವ ನೋಡಿದ ಒಂದೂವರೆ ಟನ್ನಿನ ಎರಡು ಎಸಿಗಳಲ್ಲಿ ಮೂರು ಸ್ಟಾರಿನದಕ್ಕೆ 980 ಯೂನಿಟ್, ಐದು ಸ್ಟಾರಿನದಕ್ಕೆ 760. ಎರಡೂ 1600 ಗಂಟೆಗೆ. ವ್ಯತ್ಯಾಸ 220 ಯೂನಿಟ್, ಬೆಲೆಯಲ್ಲಿ ಎಂಟು ಸಾವಿರ.

ಬೆಂಗಳೂರಿನ ಮಲಗುವ ಕೋಣೆಗೆ ಇದೇ ಎಸಿ ಹಾಕಿದರೆ? ವರ್ಷಕ್ಕೆ ಐವತ್ತು ರಾತ್ರಿ, ಆರು ಗಂಟೆ ಅಂತ ಇಟ್ಟುಕೊಳ್ಳಿ. 300 ಗಂಟೆ. ಉಳಿಯುವುದು 41 ಯೂನಿಟ್, 290 ರೂಪಾಯಿ. ಎಂಟು ಸಾವಿರ ವಾಪಸ್ ಬರಲು ಸುಮಾರು 28 ವರ್ಷ ಬೇಕು, ಎಸಿ ಅಷ್ಟು ವರ್ಷ ಬಾಳುವುದಿಲ್ಲ. ಬೆಂಗಳೂರು, ಮೈಸೂರು, ಹಾಸನದವರಿಗೆ ಮೂರು ಸ್ಟಾರ್ ಧಾರಾಳ ಸಾಕು. ಮನೆಯಿಂದಲೇ ಕೆಲಸ ಮಾಡುವವರು, ತಾರಸಿ ಕೆಳಗಿನ ಕೋಣೆಯವರು ಗಂಟೆ ಎಣಿಸಿ ಬೇರೆ ಲೆಕ್ಕ ಹಾಕಿಕೊಳ್ಳಲಿ.

ಕಲಬುರಗಿ ಬೇರೆ ಕಥೆ. ಬಿಸಿಲು ನಲವತ್ತು ದಾಟುವ ಊರು. ಆದರೂ ಬರೀ ರಾತ್ರಿ ಮಾತ್ರ ಓಡಿಸುವವರಾಗಿದ್ದರೆ ನಾನು ಇನ್ನೊಂದು ಸಲ ಯೋಚನೆ ಮಾಡಿ ಅನ್ನುತ್ತಿದ್ದೆ. ಭಾವನ ಮನೆಯಲ್ಲಿ ಅವರ ತಂದೆ ಇಡೀ ದಿನ ಮನೆಯಲ್ಲೇ ಇರುತ್ತಾರೆ, ವಯಸ್ಸು ಎಂಬತ್ತರ ಹತ್ತಿರ, ಸೆಕೆ ತಡೆಯುವುದಿಲ್ಲ. ಮಾರ್ಚ್ ನಡುವಿನಿಂದ ಮಳೆ ಹಿಡಿಯುವ ತನಕ, ಆಮೇಲೂ ಅಲ್ಲೊಂದು ಇಲ್ಲೊಂದು ದಿನ, ಒಟ್ಟು 130 ದಿನ, ದಿನಕ್ಕೆ 12 ಗಂಟೆ. ಅಲ್ಲಿಗೆ 1560 ಗಂಟೆ, ಲೇಬಲ್‌ನ ಲೆಕ್ಕಕ್ಕೆ ಹೆಚ್ಚು ಕಡಿಮೆ ಸರಿಹೋಯಿತು. ವರ್ಷಕ್ಕೆ ಸಾವಿರದ ಐನೂರು ರೂಪಾಯಿ ಉಳಿತಾಯ, ಐದು ವರ್ಷ ಚಿಲ್ಲರೆಯಲ್ಲಿ ಎಂಟು ಸಾವಿರ ವಾಪಸ್. ಐದು ಸ್ಟಾರೇ ತಗೊಳ್ಳಿ ಭಾವ ಅಂದೆ, ತಗೊಂಡರು. ಮಂಗಳೂರು, ಉಡುಪಿ, ಕಾರವಾರದವರೂ ಹೀಗೆಯೇ. ಅಲ್ಲಿ ಬಿಸಿಲಿಗಿಂತ ಬೆವರು ಜಾಸ್ತಿ, ವರ್ಷಕ್ಕೆ ಇನ್ನೂರು ರಾತ್ರಿ ಎಸಿ ಓಡುವ ಮನೆಗಳಿವೆ.

2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಎಸಿಗಳು ಆನ್ ಮಾಡಿದ ಕೂಡಲೇ 24 ಡಿಗ್ರಿಯಲ್ಲಿ ಶುರುವಾಗಬೇಕು ಅನ್ನುವ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟ್ ಉಳಿಯುತ್ತದೆ ಅಂತ ಬಿಇಇ ಹೇಳುತ್ತದೆ. ಮೂರು ಸ್ಟಾರ್ ಎಸಿಯನ್ನು 26ರಲ್ಲಿ ಇಟ್ಟು ಫ್ಯಾನ್ ಹಾಕಿಕೊಂಡು ಮಲಗುವವರು, ಐದು ಸ್ಟಾರ್ ಕೊಂಡು 18ಕ್ಕೆ ಇಟ್ಟು ಕಂಬಳಿ ಹೊದೆಯುವವರಿಗಿಂತ ಕಡಿಮೆ ಬಿಲ್ ಕಟ್ಟುತ್ತಾರೆ.

ಗೃಹಜ್ಯೋತಿ ಇದ್ದವರ ಲೆಕ್ಕ ಬೇರೆ

"ನಮಗೆ ಬಿಲ್ಲೇ ಬರಲ್ಲ, ಸ್ಟಾರ್ ಯಾಕೆ?" ಅಂತ ಬಹಳ ಜನ ಕೇಳುತ್ತಾರೆ. ನನ್ನ ಪ್ರಕಾರ ಸ್ಟಾರ್ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು ಇವರಿಗೇ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿ ಉಚಿತ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಮಾತ್ರ ಪೂರ್ತಿ ಬಿಲ್ ಕಟ್ಟಬೇಕು.

ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಒಂದು ಮನೆ ಇದೆ ಅಂದುಕೊಳ್ಳಿ. ತಿಂಗಳಿಗೆ 130 ಯೂನಿಟ್, ಹಾಗಾಗಿ 143ರ ತನಕ ಉಚಿತ. ಏಪ್ರಿಲ್‌ನಲ್ಲಿ ಎಸಿ ಬಂತು. ದಿನಕ್ಕೆ ಆರು ಗಂಟೆ, ತಿಂಗಳಿಗೆ 180 ಗಂಟೆ. ಮೂರು ಸ್ಟಾರ್ ಎಸಿ 110 ಯೂನಿಟ್ ತಿನ್ನುತ್ತದೆ, ಒಟ್ಟು 240. ಇನ್ನೂರು ದಾಟಿತು, ಪೂರ್ತಿ ಬಿಲ್. ಎಂಟು ಸಾವಿರ ಜಾಸ್ತಿ ಕೊಟ್ಟು ಐದು ಸ್ಟಾರ್ ಹಾಕಿಸಿದರೆ 86 ಯೂನಿಟ್, ಒಟ್ಟು 216. ಈಗಲೂ ಪೂರ್ತಿ ಬಿಲ್ಲೇ! ಅದೇ ದುಡ್ಡಿಗೆ ಇನ್ನೊಂದು ಸಾವಿರ ಸೇರಿಸಿ, ಮೂರು ಸ್ಟಾರ್ ಎಸಿಯನ್ನೇ ಹಾಕಿಸಿ, ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಮೂರು ಹಳೆಯ ಫ್ಯಾನ್ ಬದಲಾಯಿಸಿದರೆ ತಿಂಗಳಿಗೆ 48 ಯೂನಿಟ್ ಉಳಿಯುತ್ತದೆ. ಒಟ್ಟು 192. ಇನ್ನೂರರ ಒಳಗೆ ಬಂತು, 49 ಯೂನಿಟ್‌ಗೆ ಮಾತ್ರ ದುಡ್ಡು ಕಟ್ಟಿದರೆ ಆಯಿತು. ಜೋರು ಬಿಸಿಲಿನ ದಿನ ಎಸಿ ಲೇಬಲ್‌ನ ಸರಾಸರಿಗಿಂತ ಜಾಸ್ತಿ ಎಳೆಯುತ್ತದೆ, ಹಾಗಾಗಿ ತಿಂಗಳ ನಡುವೆ ಒಂದು ಸಲ ಮೀಟರ್ ನೋಡಿಕೊಳ್ಳಿ. ಈ ಲೆಕ್ಕ ಹಾಕಿ ಕಾಗದದ ಮೇಲೆ ತೋರಿಸಿದಾಗ ಮೊದಲು ಯಾರೂ ಒಪ್ಪುವುದಿಲ್ಲ, ಎಸಿ ದೊಡ್ಡದು ಫ್ಯಾನ್ ಸಣ್ಣದು ಅನ್ನುವುದು ಅಷ್ಟು ತಲೆಯಲ್ಲಿ ಕೂತಿರುತ್ತದೆ.

ಗೀಸರ್, ವಾಷಿಂಗ್ ಮಷೀನ್

ಗೀಸರಿನ ಸ್ಟಾರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅದು ನೀರು ಕಾಯಿಸುವುದಕ್ಕೆ ಕೊಟ್ಟ ಸ್ಟಾರ್ ಅಲ್ಲ, ಕಾದ ನೀರಿನ ಬಿಸಿ ಆರದ ಹಾಗೆ ಹಿಡಿದಿಡುವುದಕ್ಕೆ ಕೊಟ್ಟದ್ದು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಒಂದು ಸ್ಟಾರ್ ಆದರೂ ಐದು ಸ್ಟಾರ್ ಆದರೂ 0.6 ಯೂನಿಟ್ ಬೇಕೇ ಬೇಕು. ಬೆಳಗ್ಗೆ ಹಾಕಿ, ಸ್ನಾನ ಮುಗಿಸಿ, ಆಫ್ ಮಾಡುವ ಮನೆಗೆ ಸ್ಟಾರಿನಿಂದ ದೊಡ್ಡ ವ್ಯತ್ಯಾಸ ಇಲ್ಲ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಸ್ನಾನ ಮಾಡುವ, ದಿನವಿಡೀ ಗೀಸರ್ ಆನ್ ಇರುವ ಮನೆಗೆ ಐದು ಸ್ಟಾರ್ ಬೇಕು. ಬೋರ್‌ವೆಲ್ ನೀರಿನ ಮನೆಯವರು ಸ್ಟಾರಿಗಿಂತ ಮೊದಲು ಒಳಗಿನ ಟ್ಯಾಂಕ್ ಎಂಥದ್ದು, ಕಾಯಿಲ್ ಬದಲಾಯಿಸಲು ಸುಲಭವಾ ಅಂತ ಕೇಳಿ. ತಾರಸಿಯಲ್ಲಿ ಜಾಗ ಇದ್ದರೆ ಸೋಲಾರ್ ಮುಂದೆ ಯಾವ ಗೀಸರೂ ಇಲ್ಲ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುವ ಮನೆಯವರಿಗೆ ನಾನು ಹೇಳುವುದು ಏನೂ ಇಲ್ಲ.

ವಾಷಿಂಗ್ ಮಷೀನಿನಲ್ಲಿ ಕರೆಂಟ್ ತಿನ್ನುವುದು ಮುಖ್ಯವಾಗಿ ನೀರು ಬಿಸಿ ಮಾಡುವ ಹೀಟರ್. ತಣ್ಣೀರಿನಲ್ಲಿ ಒಗೆಯುವವರು ಸ್ಟಾರಿಗಿಂತ ಒಂದು ಸಲಕ್ಕೆ ಎಷ್ಟು ಲೀಟರ್ ನೀರು ಬೇಕು ಅನ್ನುವುದನ್ನು ನೋಡಲಿ. ಟ್ಯಾಂಕರ್ ನೀರು ಹಾಕಿಸುವ ಬಡಾವಣೆಗಳಲ್ಲಿ ಆ ಅಂಕಿಯೇ ದುಬಾರಿ.

ಜರ್ಮನಿಯ 'ಡಿ' ಫ್ರಿಜ್

ಯುರೋಪಿನಲ್ಲಿ ಮೊದಲು ಎ ಇಂದ ಜಿ ತನಕ ಏಳು ಅಕ್ಷರ ಇದ್ದವು. ವಸ್ತುಗಳು ಸುಧಾರಿಸುತ್ತಾ ಹೋದ ಹಾಗೆ ಎಲ್ಲವೂ ಎ ಆಗಿಬಿಟ್ಟವು. ಆಗ ಎ ಪ್ಲಸ್, ಎ ಡಬಲ್ ಪ್ಲಸ್, ಎ ಟ್ರಿಪಲ್ ಪ್ಲಸ್ ಅಂತ ಮೇಲೆ ಮೇಲೆ ಸೇರಿಸಿದರು. ಜನಕ್ಕೆ ಎ ಪ್ಲಸ್ ಅಂದರೆ ಬಹಳ ಒಳ್ಳೆಯದು ಅನ್ನಿಸುತ್ತಿತ್ತು, ನಿಜದಲ್ಲಿ ಅದು ಅಂಗಡಿಯಲ್ಲಿ ಸಿಗುವ ಫ್ರಿಜ್‌ಗಳಲ್ಲಿ ಕೊನೆಯ ಸಾಲಿಗೆ ಬಂದಿತ್ತು. 2021ರ ಮಾರ್ಚ್ 1ರಿಂದ ಪ್ಲಸ್‌ಗಳನ್ನೆಲ್ಲ ಒರೆಸಿ ಮತ್ತೆ ಎ ಇಂದ ಜಿ ಮಾಡಿದರು. ಅಳತೆಯನ್ನು ಎಷ್ಟು ಬಿಗಿ ಮಾಡಿದರು ಅಂದರೆ ಮುಂದೆ ಬರುವ ಮಾಡೆಲ್‌ಗಳಿಗೆ ಅಂತ ಮೊದಲಿಗೆ ಎ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟರು. ಹಳೆಯ ಟ್ರಿಪಲ್ ಪ್ಲಸ್ ಫ್ರಿಜ್‌ಗಳೇ ಸಿ, ಡಿ ಆದವು. ಹಾಗಾಗಿ ತಂಗಿ ನೋಡಿದ 'ಡಿ' ಕೆಟ್ಟ ಫ್ರಿಜ್ ಅಲ್ಲ.

ಆ ಲೇಬಲ್‌ನಲ್ಲಿ ಒಂದು ಕ್ಯೂಆರ್ ಕೋಡ್ ಇದೆ. ಫೋನ್ ಹಿಡಿದರೆ ಯುರೋಪಿನ ಸರ್ಕಾರಿ ದತ್ತಾಂಶಕ್ಕೇ ಹೋಗುತ್ತದೆ, ಅಂಗಡಿಯವರ ಮಾತು ಬೇಕಿಲ್ಲ. ನಮ್ಮಲ್ಲೂ ಬಿಇಇಯ ಸ್ಟಾರ್ ಲೇಬಲ್ ಆ್ಯಪ್ ಇದೆ, ಅದರಲ್ಲಿ ಮಾಡೆಲ್ ಹುಡುಕಿ ಲೇಬಲ್ ನಿಜವಾ ಅಂತ ನೋಡಬಹುದು.

ತಂಗಿಗೆ ನಾನು ಹೇಳಿದ್ದು ಇಷ್ಟು. ಅಲ್ಲಿ ಯೂನಿಟ್ ದರ ನಮ್ಮದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಇಲ್ಲಿ ಎಂಟು ವರ್ಷಕ್ಕೆ ವಾಪಸ್ ಬರುವ ದುಡ್ಡು ಅಲ್ಲಿ ಎರಡು ಮೂರು ವರ್ಷಕ್ಕೇ ಬರಬಹುದು. ಹಾಗಾಗಿ ಅಲ್ಲೇ ಐದಾರು ವರ್ಷ ಇರುವ ಹಾಗಿದ್ದರೆ ಇ ಬಿಟ್ಟು ಡಿ ಅಥವಾ ಸಿ ತಗೋ. ಎರಡು ವರ್ಷಕ್ಕೆ ವಾಪಸ್ ಬರುವುದಾದರೆ ಸೆಕೆಂಡ್ ಹ್ಯಾಂಡ್ ಸಾಕು. ಅಲ್ಲಿಂದ ಇಲ್ಲಿಗೆ ಹೊತ್ತು ತರುವ ಯೋಚನೆ ಬೇಡ. ಅಮೆರಿಕದಲ್ಲಿ ಇರುವವರಿಗಂತೂ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ, ಅಲ್ಲಿನದು 120 ವೋಲ್ಟ್, ನಮ್ಮದು 230. ದುಬೈಯಿಂದ ಊರಿಗೆ ಎಸಿ ಸಾಗಿಸಬೇಕು ಅಂದುಕೊಂಡಿರುವ ಕರಾವಳಿಯವರು ಮೊದಲು ಇಲ್ಲಿ ವಾರಂಟಿ ನಡೆಯುತ್ತದಾ, ಬಿಡಿಭಾಗ ಸಿಗುತ್ತದಾ ಅಂತ ಕಂಪನಿಯವರಿಂದ ಬರೆಸಿಕೊಳ್ಳಿ.

ಅವಳು ಮೊನ್ನೆ ಎರಡು ಲೇಬಲ್ ಫೋಟೋ ಕಳಿಸಿದ್ದಳು. ಈ ಸಲ ಅಕ್ಷರದ ಮೇಲೆ ಅಲ್ಲ, ಕೆಳಗಿನ ಯೂನಿಟ್ ಅಂಕಿಯ ಸುತ್ತ ಗೆರೆ ಎಳೆದಿದ್ದಳು.